ಕೊಯೆನಿಗ್ ಕಳಿಸಿದ ಅಣಬೆ

ದಿನಾ ಒಗ್ಗರಣೆಗೆ ಬೀಳುವ ಕರಿಬೇವಿನ ಶಾಸ್ತ್ರೀಯ ನಾಮದಲ್ಲಿ ಯೊಹಾನ್ ಗೆರ್ಹಾರ್ಡ್ ಕೊಯೆನಿಗ್ ಎಂಬ ವೈದ್ಯನ ಹೆಸರು ಅಡಗಿದೆ. ಅವನ ಗುರು ಲಿನೇಯಸ್ 1771ರ ಗ್ರಂಥವೊಂದರಲ್ಲಿ ಆ ಹೆಸರಿಟ್ಟ. ಭಾರತದಿಂದ ಕೊಯೆನಿಗ್ ಕಳಿಸಿದ್ದ ಒಂದು ಅಣಬೆಯೂ ಅದೇ ಗ್ರಂಥ ಸೇರಿತು. ಇಂದು ಅದು ಪೊಡಾಕ್ಸಿಸ್ ಪಿಸ್ಟಿಲ್ಲಾರಿಸ್, ಮರಳುಗಾಡುಗಳ ಅಣಬೆ.

ಕೊಯೆನಿಗ್ 1768ರಲ್ಲಿ ಡೇನಿಷರ ತರಂಗಂಬಾಡಿಗೆ ಬಂದವನು. ಆರ್ಕಾಟಿನ ನವಾಬನ ಸೇವೆ ಮುಗಿಸಿ 1778ರಲ್ಲಿ ಮದ್ರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪ್ರಕೃತಿತಜ್ಞನಾದ. ಆ ಸೆಕೆಯಲ್ಲಿ ಕಿತ್ತ ಅಣಬೆ ಸಂಜೆಯೊಳಗೆ ಕೊಳೆತು ನಾರುವುದೇ ಹೆಚ್ಚು. ಪೊಡಾಕ್ಸಿಸ್ ಹಾಗಲ್ಲ. ಒನಕೆಯಂತೆ ಉದ್ದಕ್ಕೆ ನಿಂತು, ಕೊಡೆ ಬಿಚ್ಚದೆ, ನಿಂತಲ್ಲೇ ಒಣಗುತ್ತದೆ. ಕಾಂಡ ಕಟ್ಟಿಗೆಯಷ್ಟು ಗಟ್ಟಿ, ಟೋಪಿಯ ಮೈತುಂಬ ಒರಟು ಹೊಪ್ಪಳೆ, ಒಳಗೆ ಕಪ್ಪು ಪುಡಿ. ಹಡಗಿನ ತಿಂಗಳುಗಟ್ಟಲೆ ಪಯಣವನ್ನು ಅದು ತಾಳಿದ್ದು ಬಹುಶಃ ಹೀಗೆ. ಥಾರ್ ಸೀಮೆಯವರು ಮಳೆ ಬಿದ್ದ ಮೇಲೆ ಇದನ್ನು ಎಳೆಯದಾಗಿರುವಾಗಲೇ ಕಿತ್ತು, ಖುಂಬಿ ಎಂದು ಕರೆದು ತಿನ್ನುತ್ತಾರೆ.

1779ರಲ್ಲಿ ಕೊಯೆನಿಗ್ ಗೆದ್ದಲಿನ ಬಗ್ಗೆ ದೀರ್ಘ ಲೇಖನ ಬರೆದ. ಹುತ್ತದೊಳಗೆ ಬೆಳೆಯುವ ಶಿಲೀಂಧ್ರವನ್ನು ಮೊದಲು ಗಮನಿಸಿದ ವಿಜ್ಞಾನಿಗಳಲ್ಲಿ ಅವನೂ ಒಬ್ಬ. ಹುತ್ತದ ಅಣಬೆ ಕಿತ್ತು ಸಾರು ಮಾಡುವ ನಮ್ಮ ಹಳ್ಳಿಯವರಿಗೆ ಇದೇನು ಸುದ್ದಿ, ಬಿಡಿ. ಆದರೆ ತಾನು ಕಳಿಸಿದ ಅಣಬೆಯ ಬಳಗಕ್ಕೂ ಗೆದ್ದಲಿಗೂ ನಂಟಿದೆ ಎಂಬುದು ಅವನಿಗೆ ಹೊಳೆದಂತಿಲ್ಲ.

ಸುಳಿವು ಸಿಕ್ಕಿದ್ದು ದಕ್ಷಿಣ ಆಫ್ರಿಕಾದಲ್ಲಿ. ಅಲ್ಲಿನ ಹುತ್ತಗಳ ಮೇಲೆ ಬೆಳೆಯುವ ಸೋದರ ಅಣಬೆಯೊಂದನ್ನು ಲಿನೇಯಸ್‌ನ ಮಗ 1782ರಲ್ಲಿ ಬೇರೆ ಜಾತಿಯೆಂದು ಹೆಸರಿಸಿದ. ನಂತರದವರು ಎಲ್ಲವನ್ನೂ ಪಿಸ್ಟಿಲ್ಲಾರಿಸ್ ಎಂಬ ಒಂದೇ ಚೀಲಕ್ಕೆ ತುಂಬಿದರು. ನೋಡಲು ಒಂದೇ ತೆರ, ಅವರನ್ನು ದೂರಿ ಫಲವಿಲ್ಲ.

ನೋಟ ಸೋತಾಗ ಕೆಲಸಕ್ಕೆ ಬರುವುದು, ಸಂಗ್ರಹಾಲಯದಲ್ಲಿ ಒಣ ಅಣಬೆಯನ್ನಿಟ್ಟ ಪೊಟ್ಟಣದ ಮೇಲಿನ ಚೀಟಿ. ಊರು, ತಾರೀಕು ಇದ್ದರೆ ಸಾಲದು. ಸಿಕ್ಕಿದ್ದು ಬರೀ ಮರಳಿನಲ್ಲೋ ಹುತ್ತದ ಮೇಲೋ ಎಂಬುದೂ ಬೇಕು. ಶಿಲೀಂಧ್ರ ಯಾವುದರ ಮೇಲೆ ಸಿಕ್ಕಿತೆಂದು ಬರೆದಿಡುವ ಶಿಸ್ತಿಗೆ ಕೊಯೆನಿಗ್ ದುಡಿದ ಮದ್ರಾಸಿನಲ್ಲೇ, ಅಂದರೆ ಇಂದಿನ ಚೆನ್ನೈನಲ್ಲೇ, ನೆಲೆಯಿದೆ. 1971ರಲ್ಲಿ 'ಹೈಫೋಮೈಸೀಟ್ಸ್' ಎಂಬ ದಪ್ಪ ಗ್ರಂಥ ತಂದ ಸಿ.ವಿ. ಸುಬ್ರಮಣಿಯನ್ ಮದ್ರಾಸ್ ವಿಶ್ವವಿದ್ಯಾಲಯದವರು. ಬೂಷ್ಟಿನಂಥ ಸೂಕ್ಷ್ಮ ಶಿಲೀಂಧ್ರಗಳ ಅವರ ಕ್ಷೇತ್ರದಲ್ಲಿ ಯಾವ ಗಿಡದ ಎಲೆ, ಯಾವ ಕಡ್ಡಿ ಎಂದು ಗುರುತಿಸದಿದ್ದರೆ ಮಾದರಿಗೆ ಅರ್ಧ ಬೆಲೆ.

2019ರಲ್ಲಿ ಬೆಂಜಮಿನ್ ಕಾನ್ಲನ್ ಮತ್ತು ಸಂಗಡಿಗರು ಸಂಗ್ರಹಾಲಯಗಳ ಒಣ ಪೊಡಾಕ್ಸಿಸ್‌ಗಳ ಡಿಎನ್‌ಎ ಓದಿದರು. ಒಂದೇ ಚೀಲದಲ್ಲಿ ಹಲವು ಜಾತಿಗಳಿದ್ದವು: ಕೆಲವು ಮರಳಿನವು, ಕೆಲವು ಹುತ್ತದವು. 2021ರ ಇನ್ನೊಂದು ಅಧ್ಯಯನದಲ್ಲಿ, ಗೆದ್ದಲಿನ ಜೊತೆ ಬಾಳಿದವುಗಳ ಜೀನೋಮ್ ಕುಗ್ಗಿರುವುದು ಕಂಡಿತು.