ಟ್ಯೂಬಾ ಊದುವ ಮಕ್ಕಳ ತುಟಿ ಜೋಪಾನ

ಬ್ಯಾಂಡಿನ ಹಿತ್ತಾಳೆ ವಾದ್ಯಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಟ್ಯೂಬಾ. ಅದರ ನಾದ ಹುಟ್ಟುವುದು ತುಟಿಗಳ ಕಂಪನದಿಂದ. ಆದ್ದರಿಂದ ತುಟಿಗೆ ತಾಗುವ ಮೌತ್‌ಪೀಸಿನ ಆಯ್ಕೆ ಆರೋಗ್ಯದ ವಿಷಯವೂ ಹೌದು.

ಟ್ರಂಪೆಟ್ಟಿನ ಮೌತ್‌ಪೀಸಿನ ಒಳ ಅಗಲ ಸುಮಾರು 16-17 ಮಿ.ಮೀ. ಇದ್ದರೆ ಟ್ಯೂಬಾದ್ದು ಸುಮಾರು 30-33 ಮಿ.ಮೀ. ಇರುತ್ತದೆ. ಬಟ್ಟಲು ಅತಿ ದೊಡ್ಡದಾದರೆ ಕಲಿಯುವ ಮಕ್ಕಳು ಬೇಗ ದಣಿಯುತ್ತಾರೆ. ಅವರಿಗೆ ಮಧ್ಯಮ ಅಳತೆಯದೇ ಲೇಸು. ಚೂಪಾದ ಅಂಚು ತುಟಿಯನ್ನು ಒತ್ತುತ್ತದೆ. ದುಂಡನೆಯ, ತುಸು ಅಗಲವಾದ ಅಂಚು ಹಿತ. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರಿಗೆ ಇದು ಇನ್ನೂ ಮುಖ್ಯ. ಕೊಳ್ಳುವ ಮುನ್ನ ಮಗುವಿನ ವಾದ್ಯಕ್ಕೇ ಹಾಕಿ ಊದಿಸಿ ನೋಡಿ, ಅಲುಗಾಡದೆ ಕೂರಬೇಕು.

ಬೆಳ್ಳಿಯ ಲೇಪ ಸವೆದು ಹಿತ್ತಾಳೆ ಕಾಣಿಸಿದರೆ ಮರುಲೇಪ ಮಾಡಿಸಿ, ಇಲ್ಲವೇ ಬದಲಿಸಿ. ತುಟಿಯ ಸುತ್ತ ಉಂಗುರದಂತೆ ತುರಿಕೆ, ಕೆಂಪು ಕಂಡರೆ ಲೋಹದ ಅಲರ್ಜಿ ಇರಬಹುದು. ವೈದ್ಯರಿಗೆ ತೋರಿಸಿ, ಪ್ಲಾಸ್ಟಿಕ್ ಮೌತ್‌ಪೀಸುಗಳೂ ದೊರೆಯುತ್ತವೆ.

ಶಾಲೆಯ ಬ್ಯಾಂಡಿನಲ್ಲಿ ಒಂದೇ ವಾದ್ಯವನ್ನು ಹಲವರು ಊದಿದರೂ ಮೌತ್‌ಪೀಸ್ ಮಾತ್ರ ಅವರವರದೇ ಇರಲಿ. ತುಟಿಯ ಮೇಲೆ ನೀರುಗುಳ್ಳೆ ಎದ್ದರೆ ಅದು ಹರ್ಪಿಸ್ ಇರಬಹುದು, ಎಂಜಲಿನಿಂದ ಹರಡುತ್ತದೆ. ಪೂರ್ತಿ ಮಾಯುವವರೆಗೆ ಊದುವುದು ಬೇಡ. ದಿನವೂ ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಊದಿದ ಮೇಲೆ ತುಟಿ ಜೋಮು ಹಿಡಿದು ಬಿಡದಿದ್ದರೆ, ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ತಡ ಮಾಡದೆ ವೈದ್ಯರನ್ನು ಕಾಣಿ.