ಸದ್ದಿಲ್ಲದೆ ಬರುವ ಪಿಕಪ್

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಪಾಂಡವಪುರದ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಾಗುವಾಗ, ಕೆ.ಆರ್. ಪೇಟೆಯ ನಾಲೆ ಏರಿಯ ರಸ್ತೆಗಳಲ್ಲಿ ತಿರುಗುವಾಗ ಯಾವ ಕೊರತೆಯೂ ಕಾಣದ ಸಣ್ಣ ಕಾರು, ಶ್ರೀರಂಗಪಟ್ಟಣದ ಹತ್ತಿರ ಈ ಹೆದ್ದಾರಿಗೆ ಸೇರಿಕೊಳ್ಳುವಾಗ ಮಾತ್ರ ಪಿಕಪ್ ಸಾಲದೆ ತಡವರಿಸುತ್ತದೆ. ಆಗ ಸುಲಭವಾಗಿ ಸಿಗುವ ಸಲಹೆ ಒಂದೇ: ಸೈಲೆನ್ಸರ್ ಬದಲಾಯಿಸಿ, ಹೊಗೆಗೆ ತಡೆ ಕಡಿಮೆಯಿರುವ ಫ್ರೀ ಫ್ಲೋ ಹಾಕಿಸಿ. ಈ ಸಲಹೆಯಲ್ಲಿ ಅರ್ಧ ನಿಜವಿದೆ. ಎಂಜಿನ್ ಹೊರಬಿಡುವ ಹೊಗೆಯ ದಾರಿಯನ್ನು ಸಲೀಸು ಮಾಡಿದರೆ ಶಕ್ತಿ ಹೆಚ್ಚುವುದು ಸಾಧ್ಯ. ಆದರೆ ಆ ಶಕ್ತಿಗೆ ಸದ್ದನ್ನು ಬೆಲೆಯಾಗಿ ತೆರಬೇಕಿಲ್ಲ. ಊರಿಗೆಲ್ಲ ಕೇಳುವಂತೆ ಅಬ್ಬರಿಸುವ ಸಣ್ಣ ಕಾರುಗಳಲ್ಲಿ ಬಹುಪಾಲಿನವು ಸದ್ದನ್ನಷ್ಟೇ ಗಳಿಸಿಕೊಂಡಿರುತ್ತವೆ, ಶಕ್ತಿಯನ್ನಲ್ಲ.

ಪೆಟ್ರೋಲ್ ಉರಿದು ಬರುವ ಶಾಖದಲ್ಲಿ ಸುಮಾರು ಮೂರನೇ ಒಂದು ಭಾಗ ಹೊಗೆಯ ಜೊತೆಗೇ ಹೊರಹೋಗುತ್ತದೆ. ಪಿಸ್ಟನ್ ಮೇಲೆ ಬರುವಾಗ ಸಿಲಿಂಡರಿನ ಸುಟ್ಟ ಅನಿಲವನ್ನು ಹೊರದೂಡಬೇಕು. ಮುಂದೆ ತಡೆಯಿದ್ದರೆ ಆ ದೂಡುವಿಕೆಗೇ ಒಂದಿಷ್ಟು ಶಕ್ತಿ ಖರ್ಚು. ಒಳಗೆ ಉಳಿದ ಸುಟ್ಟ ಅನಿಲ ಹೊಸ ಗಾಳಿಯ ಜಾಗವನ್ನೂ ತಿನ್ನುತ್ತದೆ. ಹಾಗಾದರೆ ತಡೆ ಎಲ್ಲಿದೆ ಎಂಬುದೇ ಪ್ರಶ್ನೆ. ವಿಶ್ವೇಶ್ವರಯ್ಯ ನಾಲೆಯ ತೂಬು ಕಿರಿದಾಗಿದ್ದರೆ ಕೊನೆಯ ಗದ್ದೆಯ ಕಾಲುವೆಯನ್ನು ಎಷ್ಟು ಅಗಲ ಮಾಡಿದರೂ ನೀರು ಹೆಚ್ಚುವುದಿಲ್ಲ. ಟರ್ಬೊ ಇಲ್ಲದ 1.2 ಲೀಟರಿನ ಸಾಮಾನ್ಯ ಕಾರಿನಲ್ಲಿ 80ರಿಂದ 90 ಅಶ್ವಶಕ್ತಿಗೆ ಬೇಕಾದಷ್ಟು ದಾರಿಯನ್ನು ಕಂಪನಿಯ ಕೊಳವೆ ಕೊಟ್ಟೇ ಇರುತ್ತದೆ. ಹಿಂದಿನ ಡಬ್ಬಿಯೊಂದನ್ನೇ ಬದಲಾಯಿಸಿದರೆ ಒಂದೆರಡು ಅಶ್ವಶಕ್ತಿ ಸಿಕ್ಕರೆ ಹೆಚ್ಚು. ಅದೂ ಎಂಜಿನ್ ತನ್ನ ಗರಿಷ್ಠ ವೇಗದ ಹತ್ತಿರ ತಿರುಗುವಾಗ. ಎಂಜಿನ್ನಿಗೆ ಅಂಟಿಕೊಂಡ ಮ್ಯಾನಿಫೋಲ್ಡಿನಲ್ಲಿ ಲಾಭದ ಅವಕಾಶ ಇದಕ್ಕಿಂತ ಹೆಚ್ಚು, ಏಕೆಂದರೆ ಒಂದು ಸಿಲಿಂಡರಿನ ಹೊಗೆಯ ಹೊಡೆತ ಇನ್ನೊಂದರ ದಾರಿಗೆ ಅಡ್ಡ ಬರುವುದೂ, ಸರಿಯಾಗಿ ಹೊಂದಿಸಿದರೆ ಅದನ್ನು ಎಳೆದುಕೊಳ್ಳುವುದೂ ಅಲ್ಲಿಯೇ. ಟರ್ಬೊ ಇರುವ ಕಾರುಗಳ ಲೆಕ್ಕ ಬೇರೆ. ಟರ್ಬೈನಿನ ಆಚೆಗಿನ ತಡೆ ಕಡಿಮೆಯಾದಷ್ಟೂ ಅದು ಬೇಗ ತಿರುಗುತ್ತದೆ, ಆದರೆ ಆ ಲಾಭ ಪೂರ್ತಿ ಕೈಗೆ ಬರಬೇಕಾದರೆ ಎಂಜಿನ್ನಿನ ಕಂಪ್ಯೂಟರನ್ನೂ ಅದಕ್ಕೆ ಹೊಂದಿಸಬೇಕು.

‘ಬ್ಯಾಕ್ ಪ್ರೆಶರ್ ಇಲ್ಲದಿದ್ದರೆ ಗಾಡಿ ಎಳೆಯುವುದಿಲ್ಲ’ ಎಂಬ ಮಾತೂ ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಅನುಭವದಿಂದ ಬಂದ ಮಾತು, ಕಾರಣ ಮಾತ್ರ ತಪ್ಪು. ಎಂಜಿನ್ನಿಗೆ ಬೇಕಾದದ್ದು ತಡೆಯಲ್ಲ, ಅನಿಲದ ವೇಗ. ಕೊಳವೆಯನ್ನು ಅಗತ್ಯಕ್ಕಿಂತ ದಪ್ಪ ಮಾಡಿದರೆ ಅನಿಲ ನಿಧಾನವಾಗುತ್ತದೆ, ಹಿಂದಿನದನ್ನು ಸೆಳೆದುಕೊಂಡು ಹೋಗುವ ಬಲ ಕುಗ್ಗುತ್ತದೆ, ಕಡಿಮೆ ವೇಗದಲ್ಲಿ ಕಾರು ಸೊರಗುತ್ತದೆ. ಮೇಲುಕೋಟೆ ಬೆಟ್ಟದ ಏರನ್ನು ಎರಡನೇ ಗೇರಿನಲ್ಲಿ ಹತ್ತುವಾಗ ಬೇಕಾಗುವುದು ಆ ಕಡಿಮೆ ವೇಗದ ಎಳೆತವೇ. ದಪ್ಪ ಕೊಳವೆ ಹಾಕಿಸಿದವರು ದಿನವೂ ಬಳಸುವ ಶಕ್ತಿಯನ್ನು ಕೊಟ್ಟು, ಎಂದೋ ಬಳಸುವ ಶಕ್ತಿಯನ್ನು ಕೊಂಡಂತಾಗುತ್ತದೆ.

ಇನ್ನು ಸದ್ದು. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಸಲ ಹೊಗೆಯ ಹೊಡೆತ ಕೊಳವೆಗೆ ಬೀಳುತ್ತದೆ. ಮೂರು ಸಿಲಿಂಡರಿನದಾದರೆ 75 ಸಲ. ಕಿವಿಗೆ ಗುಂಯ್‌ಗುಡುವ ಸದ್ದು ಇದೇ. ಇದನ್ನು ಅಡಗಿಸಲು ಎರಡು ವಿಧಾನಗಳಿವೆ. ಡಬ್ಬಿಯೊಳಗೆ ಕೋಣೆಗಳನ್ನು ಮಾಡಿ ಅನಿಲವನ್ನು ಅತ್ತಿತ್ತ ತಿರುಗಿಸಿ ಅಲೆಗಳು ಒಂದನ್ನೊಂದು ಅಳಿಸುವಂತೆ ಮಾಡುವುದು ಮೊದಲನೆಯದು. ತೂತುಗಳಿರುವ ನೇರ ಕೊಳವೆಯ ಸುತ್ತ ಗಾಜಿನ ನಾರನ್ನು ತುಂಬಿ ಸದ್ದನ್ನು ಹೀರುವುದು ಎರಡನೆಯದು. ಮೊದಲನೆಯದು ಅಗ್ಗ, ಗಿಡ್ಡ ಡಬ್ಬಿಯಲ್ಲೂ ಆಗುತ್ತದೆ, ಆದರೆ ಅನಿಲಕ್ಕೆ ತಡೆ ಹೆಚ್ಚು. ಎರಡನೆಯದರಲ್ಲಿ ತಡೆ ತೀರ ಕಡಿಮೆ, ಆದರೆ ಡಬ್ಬಿ ಉದ್ದವಿರಬೇಕು, ದೊಡ್ಡದಿರಬೇಕು. ಅಂದರೆ ಶಕ್ತಿಯೂ ಮೌನವೂ ಒಟ್ಟಿಗೆ ಬೇಕಾದವರು ಕೊಡಬೇಕಾದದ್ದು ಜಾಗ. ಕೈಯಗಲದ ಹೊಳೆಯುವ ಡಬ್ಬಿಯಿಂದ ಎರಡೂ ಬರುವುದಿಲ್ಲ. ಅಷ್ಟಾದ ಮೇಲೂ ಒಂದು ನಿರ್ದಿಷ್ಟ ವೇಗದಲ್ಲಿ ಕಾರಿನೊಳಗೆ ತಲೆನೋವು ತರಿಸುವ ಗುಂಯ್ ಉಳಿಯಬಹುದು. ಅದಕ್ಕೂ ಮದ್ದಿದೆ: ಮುಖ್ಯ ಕೊಳವೆಯ ಪಕ್ಕಕ್ಕೆ ತುದಿ ಮುಚ್ಚಿದ ಇನ್ನೊಂದು ಕೊಳವೆಯನ್ನು ಬೆಸೆಯುವುದು. 300 ಡಿಗ್ರಿ ಸೆಲ್ಸಿಯಸ್‌ನ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 480 ಮೀಟರ್. ಸೆಕೆಂಡಿಗೆ 100 ಸಲದ ಅಲೆಯ ಉದ್ದ 4.8 ಮೀಟರ್, ಅದರ ಕಾಲುಭಾಗ 1.2 ಮೀಟರ್. ಅಷ್ಟುದ್ದದ ಪಕ್ಕದ ಕೊಳವೆಗೆ ಹೋಗಿ ಮರಳಿದ ಅಲೆ, ಎದುರು ಬರುವ ಅಲೆಯನ್ನು ತಾನೇ ನುಂಗಿಹಾಕುತ್ತದೆ. ಅನಿಲ ಹರಿಯುವ ದಾರಿಯಲ್ಲಿ ಇದು ಇಲ್ಲವೇ ಇಲ್ಲವಾದ್ದರಿಂದ ಶಕ್ತಿಗೂ ನಷ್ಟವಿಲ್ಲ. ಅಳತೆ ತಿಳಿದ ಬೆಸುಗೆಗಾರನಿಗೆ ಇದು ಅಸಾಧ್ಯದ ಕೆಲಸವಲ್ಲ.

‘ಸದ್ದು ಜೋರಾದ ಮೇಲೆ ಗಾಡಿ ನಿಜವಾಗಿಯೂ ಓಡುತ್ತಿದೆಯಲ್ಲ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ವೇಗವನ್ನು ನಾವು ಕಿವಿಯಿಂದಲೂ ಅಳೆಯುತ್ತೇವೆ. ಜೊತೆಗೆ ಸದ್ದು ಇಷ್ಟವಾದಾಗ ಕಾಲು ಆಕ್ಸಿಲರೇಟರನ್ನು ಇನ್ನಷ್ಟು ಒತ್ತುತ್ತದೆ. ಹಾಗಾಗಿ ಸಾಕ್ಷಿ ಕಿವಿಯಾಗಬಾರದು, ಗಡಿಯಾರವಾಗಬೇಕು. ಬದಲಾವಣೆಗೆ ಮೊದಲೂ ನಂತರವೂ ಒಂದೇ ರಸ್ತೆ, ಒಂದೇ ಗೇರು, ಅಷ್ಟೇ ಜನ. 40ರಿಂದ 80 ಕಿ.ಮೀ. ವೇಗಕ್ಕೆ ಎಷ್ಟು ಸೆಕೆಂಡು ಹಿಡಿಯಿತು ಎಂಬುದನ್ನು ಪಕ್ಕದಲ್ಲಿ ಕುಳಿತವರು ಅಳೆಯಲಿ. ಅಶ್ವಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ನಿಲ್ಲಿಸಿ ಅಳೆದರೆ ಇನ್ನೂ ಖಚಿತ.

ನಮ್ಮ ಕಡೆಯ ಕಾರುಗಳಲ್ಲಿ ನಿಜವಾದ ತಡೆ ಬಹಳ ಸಲ ವಿನ್ಯಾಸದ್ದಲ್ಲ, ಬಳಕೆಯದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಮನೆಯಿಂದ ಡೇರಿಗೆ, ಡೇರಿಯಿಂದ ಸಂತೆಗೆ ಎಂದು ಎರಡು ಮೂರು ಕಿ.ಮೀ. ಓಡುವ ಕಾರಿನಲ್ಲಿ ಸೈಲೆನ್ಸರ್ ಕಾಯುವುದೇ ಇಲ್ಲ. ನೀರು ಒಳಗೇ ನಿಂತು ತುಕ್ಕು ಹಿಡಿಸುತ್ತದೆ. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಬಿಎಸ್–6 ಹೊಗೆ ಮಾನದಂಡದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರಿದೆ. ಆ ಮಸಿ ಉರಿದುಹೋಗಲು ಹೊಗೆ ಚೆನ್ನಾಗಿ ಕಾಯಬೇಕು. ಪಿಕಪ್ ಹೋಯಿತೆಂದು ಫಿಲ್ಟರನ್ನೇ ಕೊರೆದು ಖಾಲಿ ಮಾಡಿಸುವುದು ಕೆಟ್ಟ ದಾರಿ. ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಇಪ್ಪತ್ತು ನಿಮಿಷ ಓಡಿಸಿದರೆ ಅದು ಸಾಮಾನ್ಯವಾಗಿ ತಾನೇ ಶುಚಿಯಾಗುತ್ತದೆ. ಪೆಟ್ರೋಲ್ ಕಾರಿನಲ್ಲಿ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದೆಯೇ ಎಂದು ನೋಡಲು ಮೊದಲ ಆಕ್ಸಿಜನ್ ಸೆನ್ಸರಿನ ಜಾಗದಲ್ಲಿ ಪ್ರೆಶರ್ ಗೇಜ್ ಹಾಕಿದರಾಯಿತು. 2,500 ಸುತ್ತಿನಲ್ಲಿ 3 ಪಿಎಸ್‌ಐ ದಾಟಿದರೆ ಅನುಮಾನಿಸಬೇಕು. ಕಟ್ಟಿದ್ದನ್ನು ತೆಗೆದು ಸರಿಯಾದ ಹೊಸದನ್ನು ಹಾಕಿಸಿದಾಗ ಮರಳಿ ಬರುವ ಶಕ್ತಿ, ಯಾವ ಫ್ರೀ ಫ್ಲೋ ಕೊಡುವುದಕ್ಕಿಂತಲೂ ದೊಡ್ಡದು. ಕನ್ವರ್ಟರನ್ನೇ ಕಿತ್ತು ಬರಿ ಕೊಳವೆ ಬೆಸೆದರೆ ಎಚ್ಚರಿಕೆಯ ದೀಪ ಉರಿಯುತ್ತದೆ, ವಿಷಾನಿಲ ನೇರ ಬೀದಿಗೆ ಬರುತ್ತದೆ.

ಕಾನೂನು ಕೊಡುವ ಜಾಗ ಬಹಳ ಕಿರಿದು ಎಂಬುದನ್ನು ಮುಚ್ಚಿಡಬಾರದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ತಯಾರಕರ ಮೂಲ ವಿವರಗಳಿಗೆ ಹೊಂದದ ಬದಲಾವಣೆ ಸಲ್ಲದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿಯಿತು. ಶಬ್ದ ಮತ್ತು ಹೊಗೆಯ ಮಾನದಂಡ ಮೀರಿದರೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಆಗಬಹುದು. ಹೊಸ ಕಾರು ವೇಗ ಹೆಚ್ಚಿಸುತ್ತ ಹಾದುಹೋಗುವಾಗ 7.5 ಮೀಟರ್ ದೂರದಲ್ಲಿ 74 ಡೆಸಿಬೆಲ್ ಮೀರಬಾರದೆಂಬ ಮಿತಿಗೆ ಕಂಪನಿಯ ಸೈಲೆನ್ಸರ್ ತಯಾರಾಗಿರುತ್ತದೆ. 10 ಡೆಸಿಬೆಲ್ ಹೆಚ್ಚಿದರೆ ಕಿವಿಗೆ ಸದ್ದು ಎರಡು ಪಟ್ಟಾದಂತೆ ಕೇಳುತ್ತದೆ. ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿ 45 ಡೆಸಿಬೆಲ್. ಶ್ರೀರಂಗಪಟ್ಟಣದ ಕೋಟೆಯೊಳಗಿನ ಇಕ್ಕಟ್ಟು ಬೀದಿಗಳಲ್ಲಿ ಸದ್ದು ಗೋಡೆಯಿಂದ ಗೋಡೆಗೆ ಬಡಿದು ನಿಲ್ಲುತ್ತದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿಯ ದೊಡ್ಡ ಆಸ್ಪತ್ರೆಯಿದೆ. ಅಲ್ಲಿ ಮಲಗಿದವರಿಗೆ ಕಿಟಕಿಯಾಚೆಯ ಅಬ್ಬರದಿಂದ ಬಿಡುಗಡೆಯಿಲ್ಲ. ‘ಸದ್ದಿದ್ದರೆ ಜನ ದಾರಿ ಬಿಡುತ್ತಾರೆ, ಅಪಘಾತ ತಪ್ಪುತ್ತದೆ’ ಎಂಬ ವಾದಕ್ಕೂ ಬಲವಿಲ್ಲ. ಸೈಲೆನ್ಸರಿನ ಬಾಯಿ ಹಿಂದಕ್ಕಿದೆ, ಅಪಾಯ ಇರುವುದು ಮುಂದೆ.

ಹಾಗಾಗಿ ಖರ್ಚಿನ ಕ್ರಮ ಹೀಗಿರಲಿ. ಮೊದಲು ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಟೈರಿನ ಗಾಳಿ. ಆಮೇಲೆ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರುತ್ತಿದೆಯೇ, ಕೊಳವೆಯ ಬೆಸುಗೆ ಬಿಟ್ಟಿದೆಯೇ ಎಂಬ ಪರೀಕ್ಷೆ. ಆಕ್ಸಿಜನ್ ಸೆನ್ಸರಿನ ಹತ್ತಿರದ ಸೋರಿಕೆಯಿಂದ ಎಂಜಿನ್ ತಪ್ಪು ಲೆಕ್ಕ ಹಾಕಿ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ. ತುಕ್ಕು ತಿಂದ ಡಬ್ಬಿಯಿದ್ದರೆ ಕಂಪನಿಯದೇ ಹೊಸದು. ಇಷ್ಟರ ಮೇಲೂ ಹೊರಗಿನ ಸೈಲೆನ್ಸರ್ ಬೇಕೆನಿಸಿದರೆ, ಹಣ ಕೊಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಅಂಗಡಿಯವರ ಬಳಿ ಎರಡು ಅಂಕಿಗಳನ್ನು ಬರವಣಿಗೆಯಲ್ಲಿ ಕೇಳಿ: ನಿಮ್ಮದೇ ಮಾದರಿಯ ಕಾರಿನ ಮೇಲೆ ಅಳೆದ ಅಶ್ವಶಕ್ತಿ, ಮತ್ತು ಅದೇ ಕಾರು ಹಾದುಹೋಗುವಾಗಿನ ಡೆಸಿಬೆಲ್. ಎರಡನ್ನೂ ಕೊಡಲಾಗದವರು ಮಾರುತ್ತಿರುವುದು ಬರಿ ಸದ್ದನ್ನು.