ಕೊಯ್ಲಿಗೆ ಮುನ್ನ ಕಣದ ಬಳಿ ಶೌಚಾಲಯ

ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಮೊದಲಾದರೆ ರೊಬಸ್ಟಾ ಮುಗಿಯುವುದು ಮಾರ್ಚಿಗೆ. ಅಷ್ಟೂ ದಿನ ಹೆಣ್ಣಾಳುಗಳು ಬೆಳಗಿನಿಂದ ಸಂಜೆಯವರೆಗೆ ತೋಟದಲ್ಲಿಯೇ ಇರುತ್ತಾರೆ. ಹೋಗಲು ಮರೆಯಿಲ್ಲವೆಂದು ನೀರು ಕುಡಿಯುವುದನ್ನೇ ಬಿಡುವವರು ಅವರಲ್ಲಿ ಉಂಟು. ಉರಿಮೂತ್ರಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಮಳೆ ನಿಂತ ಮೇಲೆ ಉಳಿಯುವ ಮೂರು ನಾಲ್ಕು ವಾರಗಳಲ್ಲಿ ಶೌಚಾಲಯ ಕಟ್ಟಿ ಮುಗಿಯದೆಂದು ಸದಸ್ಯ ಬಾಂಧವರು ಹೇಳುವುದುಂಟು. ತಳದಿಂದ ಇಟ್ಟಿಗೆಯಲ್ಲಿ ಕಟ್ಟಹೊರಟರೆ ಆ ಮಾತು ನಿಜ. ಆದರೆ ಗುಂಡಿಯ ಸಿಮೆಂಟ್ ರಿಂಗು, ಮುಚ್ಚಳ, ನೆಲದ ಚಪ್ಪಡಿ, ಗೋಡೆಯ ಹಲಗೆ ಇವನ್ನೆಲ್ಲ ಆಗಸ್ಟ್-ಸೆಪ್ಟೆಂಬರಿನಲ್ಲೇ ಶೆಡ್ಡಿನೊಳಗೆ ಎರಕ ಹೊಯ್ದಿಟ್ಟುಕೊಳ್ಳಬಹುದು. ಸಿಮೆಂಟು ಬಲಿಯುವ ಕಾಲವನ್ನು ಯಾರೂ ಮೊಟಕು ಮಾಡಲಾರರು. ಕನಿಷ್ಠ ಒಂದು ವಾರ ನೀರುಣಿಸಲೇಬೇಕು. ಆ ವಾರವನ್ನು ಮಳೆಗಾಲದಲ್ಲಿಯೇ ಕಳೆದುಬಿಟ್ಟರೆ ಅಕ್ಟೋಬರಿನಲ್ಲಿ ಅಗೆದು ಜೋಡಿಸುವುದು ವಾರವೊಪ್ಪತ್ತಿನ ಕೆಲಸ.

ಗುಂಡಿಗಳು ಎರಡಿರಲಿ, ನಡುವೆ ಮೂರೂವರೆ ಅಡಿ ಅಂತರವಿರಲಿ. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಬೇಕು. ಮುಚ್ಚಿದ್ದನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ನೀರು ಇಂಗಬೇಕಾದ್ದರಿಂದ ತಳಕ್ಕೆ ಸಿಮೆಂಟು ಹಾಕಕೂಡದು. ಬಾವಿಯಿಂದ 10 ಮೀಟರಾದರೂ ದೂರವಿರತಕ್ಕದ್ದು. ಅಡಿಕೆ ತೋಟದ ತಗ್ಗಿನಲ್ಲಿ ಮಳೆಗಾಲದ ನೀರು ಮೇಲೆಯೇ ನಿಲ್ಲುವುದರಿಂದ ಅದು ಸರಿಯಾದ ಜಾಗವಲ್ಲ. ಕಣದ ಪಕ್ಕದ ಎತ್ತರದ ನೆಲವೇ ಮೇಲು.

ಎರಡು ಕೋಣೆಗಳಲ್ಲಿ ಒಂದಾದರೂ ಮಂಡಿ ಬಗ್ಗದ ಅಜ್ಜಿಗೆ, ಗಾಲಿಕುರ್ಚಿಯವರಿಗೆ ಒದಗುವಂತಿರಬೇಕು. ನಮ್ಮ ಗಾರೆಯವರು ಎತ್ತರದ ಜಗಲಿ ಕಟ್ಟುವುದನ್ನೇ ಮರ್ಯಾದೆಯೆಂದು ತಿಳಿದಂತಿದೆ. ಇಳಿಜಾರು ದಾರಿಯ ಲೆಕ್ಕ ಒಂದಕ್ಕೆ ಹನ್ನೆರಡು. ಜಗಲಿ ಒಂದಡಿಯಾದರೆ ದಾರಿ 12 ಅಡಿ ಬೇಕು, ಅರ್ಧ ಅಡಿಯಾದರೆ 6 ಅಡಿ ಸಾಕು. ಆದ್ದರಿಂದ ಜಗಲಿಯನ್ನೇ ತಗ್ಗಿಸುವುದು ಜಾಣತನ. ಬಾಗಿಲು 3 ಅಡಿ ಅಗಲವಿದ್ದು ಹೊರಕ್ಕೆ ತೆರೆಯಬೇಕು. ಒಳಗೆ ಯಾರಾದರೂ ಬಿದ್ದರೆ, ಒಳಕ್ಕೆ ತೆರೆಯುವ ಬಾಗಿಲಿಗೆ ಅವರ ಮೈಯೇ ಅಡ್ಡವಾದೀತು. ಕುರ್ಚಿ ತಿರುಗಲು 5 ಅಡಿ ಚೌಕ ಖಾಲಿ ಬಿಡಬೇಕು. ಕೂರುವ ಪೀಠ ನೆಲದಿಂದ ಒಂದೂವರೆ ಅಡಿ, ಪಕ್ಕದಲ್ಲಿ ಕಬ್ಬಿಣದ ಕೊಳವೆಯ ಹಿಡಿ. ಹಿಡಿಯ ಬೋಲ್ಟನ್ನು ಹಲಗೆಯ ಎರಕದಲ್ಲಿಯೇ ಕೂರಿಸಿಬಿಡಬೇಕು. ಆಮೇಲೆ ತೂತು ಕೊರೆದರೆ ತೆಳು ಹಲಗೆ ಸೀಳುವ ಸಂಭವವಿದೆ.

ಕಡಿದಾದ ಇಳಿಜಾರಿನ ಗ್ರಾಮೀಣ ಬೇಸಿನ್ ಹಾಕಿದರೆ ಒಂದೂವರೆ-ಎರಡು ಲೀಟರ್ ನೀರು ಸಾಕು. ಫಿನಾಯಿಲನ್ನು ಮಾತ್ರ ಸುರಿಯಬೇಡಿ, ಗುಂಡಿಯಲ್ಲಿ ಕೊಳೆಸುವ ಜೀವಾಣುಗಳು ಅದರಿಂದ ಸಾಯುತ್ತವೆ. ರಿಂಗಿನ ಅಚ್ಚನ್ನು ನಾಲ್ಕೈದು ಮಂದಿ ಸದಸ್ಯರು ಕೂಡಿ ತರಿಸಿಕೊಂಡರೆ ಖರ್ಚು ಹಂಚಿಹೋಗುತ್ತದೆ.